ನನ್ನ ಕಿವಿಯಾಗಿದ್ದ ಅತ್ತಿಗೆ

ಅತ್ತಿಗೆಯ ಬಲಗೈ ನಡುಬೆರಳಿನ ಗೆಣ್ಣು ಗೋಟಡಿಕೆಯ ಹಾಗೆ ಗಟ್ಟಿಯಾಗಿತ್ತು. ಅಲ್ಲಿನ ಚರ್ಮ ಜಡ್ಡುಗಟ್ಟಿ ಕಪ್ಪಗಾಗಿತ್ತು. ಪಾತ್ರೆ ಕುಟ್ಟಿ ಕುಟ್ಟಿ ಆದದ್ದು ಅದು. ಕಂಚಿನ ಗಂಗಾಳವಾಗಲಿ, ತಾಮ್ರದ ಹಂಡೆಯಾಗಲಿ, ಅಂಚು ಹಿಡಿದು ಎತ್ತಿ ಆ ಗೆಣ್ಣಿನಿಂದ ಒಂದೇ ಒಂದು ಸಲ ಕುಟ್ಟುತ್ತಿದ್ದರು. ಆಮೇಲೆ ತಲೆ ಸ್ವಲ್ಪ ಓರೆ ಮಾಡಿ, ಸದ್ದು ಪೂರ್ತಿ ಸಾಯುವವರೆಗೆ ಕಾಯುತ್ತಿದ್ದರು. ನಾದ ಸರಿಯಿದ್ದರೆ ಪಾತ್ರೆ ಗಿರಾಕಿಯ ಮುಂದೆ ಬರುತ್ತಿತ್ತು. ಸರಿಯಿಲ್ಲದಿದ್ದರೆ ಒಂದು ಮಾತೂ ಆಡದೆ ಅದನ್ನು ಹಿಂದಕ್ಕೆ ಸರಿಸುತ್ತಿದ್ದರು. ಸ್ಟೀಲನ್ನು ಮಾತ್ರ ಎಂದೂ ಕುಟ್ಟಿದವರಲ್ಲ. ಸ್ಟೀಲಿಗೆ ನಾಲಿಗೆ ಇಲ್ಲ, ಅದನ್ನು ಕೇಳಿ ಏನು ಪ್ರಯೋಜನ ಎನ್ನುತ್ತಿದ್ದರು.

ನಮ್ಮದು ನರಸಿಂಹರಾಜಪುರದ ಪೇಟೆಯಲ್ಲಿ ಪಾತ್ರೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಅಪ್ಪನ ನಂತರ ಅಣ್ಣ ನಡೆಸಿದ, ಅಣ್ಣ ಬೇಗ ಹೋದ ಮೇಲೆ ನಾನು. ಅಣ್ಣ ಹೋದಾಗ ಅತ್ತಿಗೆಗೆ ಇನ್ನೂ ಚಿಕ್ಕ ವಯಸ್ಸು, ಮಕ್ಕಳಿರಲಿಲ್ಲ. ತವರಿನವರು ಕರೆಯಲು ಬಂದಿದ್ದರು. ಇವರು ಹೋಗಲಿಲ್ಲ. ಅಂಗಡಿಯ ಬಾಗಿಲು ತೆರೆಯುವ ಹೊತ್ತಾಯಿತು ಎಂದು ಎದ್ದು ಬಂದು ಗಲ್ಲಾಪೆಟ್ಟಿಗೆಯ ಪಕ್ಕದ ಮೂರು ಕಾಲಿನ ಸ್ಟೂಲಿನ ಮೇಲೆ ಕೂತರು. ಅಲ್ಲಿಂದ ಅವರನ್ನು ಎಬ್ಬಿಸಿದವನು ನಾನು. ಅದನ್ನು ಹೇಳಬೇಕೆಂದೇ ಬರೆಯಲು ಕೂತಿದ್ದೇನೆ.

ಸ್ಟೂಲಿನ ಮೇಲೆ ಕೂತು ಅವರು ಮಾಡುತ್ತಿದ್ದ ವ್ಯಾಪಾರ ನೋಡಬೇಕಿತ್ತು. ಕಡುಬಿನ ಪಾತ್ರೆ ಕೇಳಿಕೊಂಡು ಬಂದವರಿಗೆ ಮನೆಯಲ್ಲಿ ಎಷ್ಟು ಜನ ಎಂದು ಕೇಳುತ್ತಿರಲಿಲ್ಲ. ನೆಂಟರು ಬರುವ ಮನೆಯೋ, ಬಾರದ ಮನೆಯೋ ಎಂದು ಕೇಳುತ್ತಿದ್ದರು. ನೆಂಟರು ಬಾರದ ಮನೆ ಎಂದು ಯಾರು ತಾನೇ ಒಪ್ಪುತ್ತಾರೆ? ಎಲ್ಲರೂ ದೊಡ್ಡ ಪಾತ್ರೆಯನ್ನೇ ಹೊತ್ತುಕೊಂಡು ಹೋಗುತ್ತಿದ್ದರು. ಬೇಗಾರಿನಿಂದ ಬಂದ ಒಬ್ಬರು, ಶೃಂಗೇರಿಯಲ್ಲಿ ಅಂಗಡಿಗಳಿಲ್ಲವೇ, ಇಷ್ಟು ದೂರ ಬಂದದ್ದು ನಿಮ್ಮ ಅತ್ತಿಗೆಯ ಬೆರಳಿಗಾಗಿ ಎಂದು ನನ್ನೆದುರೇ ಹೇಳಿದ್ದರಂತೆ. 'ಅಂತೆ' ಎನ್ನುತ್ತೇನೆ, ಏಕೆಂದರೆ ಅಷ್ಟು ಹೊತ್ತಿಗೆ ನನಗೆ ಕಿವಿ ಕೇಳಿಸುತ್ತಿರಲಿಲ್ಲ.

ಕಿವಿ ಒಂದೇ ದಿನ ಹೋದದ್ದಲ್ಲ. ಮೊದಲು ಹೆಂಗಸರ ಮಾತು ಹೋಯಿತು, ಆಮೇಲೆ ಫೋನು, ಆಮೇಲೆ ಮಳೆ. ಹುಟ್ಟಿದಾಗಿನಿಂದ ಪಾತ್ರೆಯ ಗದ್ದಲದಲ್ಲೇ ಬೆಳೆದವನ ಕಿವಿ ಇನ್ನೆಷ್ಟು ದಿನ ತಡೆದೀತು? ಆದರೆ ನಾನು ಒಪ್ಪಬೇಕಲ್ಲ. ಈಗಿನ ಜನಕ್ಕೆ ಬಾಯಿಬಿಟ್ಟು ಮಾತಾಡಲು ಬರುವುದಿಲ್ಲ ಎಂದು ಜನರ ಮೇಲೆಯೇ ಹರಿಹಾಯುತ್ತಿದ್ದೆ. ಮೂಗಿನ ತುದಿಯಲ್ಲೇ ಸಿಟ್ಟು ನನ್ನದು. ಯಾರಾದರೂ ಕೂಗಿ ಹೇಳಿದರೆ, ನಾನೇನು ಕಿವುಡನೇ ಎಂದು ರೇಗುವುದು. ಮೆತ್ತಗೆ ಹೇಳಿದರೆ, ಅನ್ನ ತಿಂದಿಲ್ಲವೇ ಎಂದು ರೇಗುವುದು.

ಕೂಗದವರು ಅತ್ತಿಗೆ ಒಬ್ಬರೇ. ಗಿರಾಕಿ ಮಾತು ಮುಗಿಸಿದ ಮೇಲೆ ನನ್ನ ಕಡೆ ತಿರುಗಿ, ಮುಖ ಎದುರಿಗಿಟ್ಟು, ನಿಧಾನವಾಗಿ, ಸ್ವಲ್ಪ ದಪ್ಪ ದನಿಯಲ್ಲಿ ಅದನ್ನು ಮತ್ತೆ ಹೇಳುತ್ತಿದ್ದರು. ಆ ದನಿ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ನನಗೆ ಯಾವ ದನಿ ತಲುಪುತ್ತದೆ ಎಂದು ಹುಡುಕಿ ಹುಡುಕಿ ಕಟ್ಟಿಕೊಂಡದ್ದು. ಹಂಡೆಯ ನಾದ ಹಿಡಿದವರಿಗೆ ಮೈದುನನ ಕಿವಿ ಹಿಡಿಯುವುದು ಕಷ್ಟವಾಗಲಿಲ್ಲ. ಗಿರಾಕಿಯ ಬಾಯಿ ಬಹಳ ಹೊತ್ತು ಆಡುವುದು ನನಗೆ ಕಾಣುತ್ತಿತ್ತು, ಅತ್ತಿಗೆಯಿಂದ ನನಗೆ ಬರುತ್ತಿದ್ದದ್ದು ಒಂದು ಸಾಲು. ಆಗೆಲ್ಲ ಕೇಳುತ್ತಿದ್ದೆ:

"ಅಷ್ಟುದ್ದ ಮಾತಾಡಿದ್ರು. ಇಷ್ಟೇಯಾ?"

"ಕಾಳು ಇಷ್ಟೇ ತಮ್ಮ. ಉಳಿದದ್ದು ಜೊಳ್ಳು."

ಹೀಗೆ ವರ್ಷಗಳೇ ಹೋದವು. ಅಂಗಡಿಯಲ್ಲಿ ಮಾತ್ರವಲ್ಲ, ಮದುವೆ ಮನೆಯಲ್ಲಿ, ಬ್ಯಾಂಕಿನಲ್ಲಿ, ಬಾಳೆಹೊನ್ನೂರಿನ ನೆಂಟರ ಮನೆಯಲ್ಲಿ, ಎಲ್ಲ ಕಡೆ ಅತ್ತಿಗೆ ನನ್ನ ಎಡಕ್ಕೆ ಕೂರುತ್ತಿದ್ದರು. ನನ್ನ ಹೆಂಡತಿಗೂ ಇದು ಒಗ್ಗಿತ್ತು. ಅವಳ ದನಿ ಮೊದಲೇ ಸಣ್ಣದು. ಗಂಡನಿಗೆ ಏನಾದರೂ ಹೇಳಬೇಕಾದರೆ ಅಡುಗೆಮನೆಯಿಂದ ಅಕ್ಕಾ ಎಂದು ಕೂಗುತ್ತಿದ್ದಳು. ಗಂಡ ಹೆಂಡತಿಯ ಜಗಳ ಕೂಡ ಅತ್ತಿಗೆಯ ಮೂಲಕವೇ ಆಗುತ್ತಿತ್ತು ಎಂದರೆ ನಗಬೇಡಿ. ಬಹುಶಃ ಅದಕ್ಕೇ ನಮ್ಮ ಜಗಳ ಬೇಗ ಮುಗಿಯುತ್ತಿತ್ತು.

ಅವಳು ಕಾಯಿಲೆ ಬಿದ್ದು ಮನೆಯಲ್ಲೇ ತೀರಿಹೋದಳು. ಕೊನೆಯ ದಿನ ನಾನು ಮಂಚದ ಒಂದು ಪಕ್ಕ ಕೂತಿದ್ದೆ, ಅತ್ತಿಗೆ ಇನ್ನೊಂದು ಪಕ್ಕ. ಅವಳು ನನ್ನನ್ನೇ ನೋಡುತ್ತ ತುಟಿ ಆಡಿಸಿದಳು. ನನಗೆ ಒಂದಕ್ಷರವೂ ಕೇಳಲಿಲ್ಲ. ಅತ್ತಿಗೆ ಅವಳ ಬಾಯಿಯ ಹತ್ತಿರ ಕಿವಿಯಿಟ್ಟು ಕೇಳಿ, ನನ್ನ ಕಡೆ ತಿರುಗಿ ಹೇಳಿದರು: "ಹೊತ್ತಿಗೆ ಸರಿಯಾಗಿ ಉಣ್ಬೇಕಂತೆ. ನಿನ್ನ ಕೈ ಹಿಡಿದಿದ್ದಕ್ಕೆ ಅವಳಿಗೆ ಬೇಜಾರಿಲ್ಲಂತೆ." ನನ್ನಂಥ ಸಿಡುಕನ ಜೊತೆ ಬಾಳಿದವಳು ಹೋಗುವಾಗ ಆಡಿದ ಮಾತು ಅದು. ಆಮೇಲಿನ ದಿನಗಳಲ್ಲಿ ನಾನು ಊಟ ಮಾಡಿದ್ದು, ಎದ್ದು ಅಂಗಡಿ ತೆರೆದದ್ದು, ಬದುಕಿದ್ದು ಎಲ್ಲ ಆ ಮಾತು ಹಿಡಿದುಕೊಂಡೇ.

ಕಿವಿಗೆ ಮಿಷನ್ ಹಾಕಿಸಿಕೋ ಎಂದು ಕೊಪ್ಪದಲ್ಲಿರುವ ಮಗಳು ಎಷ್ಟೋ ವರ್ಷದಿಂದ ಹೇಳುತ್ತಿದ್ದಳು. ನಾನು ಕೇಳುವವನಲ್ಲ. ಹೆಂಡತಿ ಹೋದ ಮೇಲೆ ಅತ್ತಿಗೆಯೇ ಹಟ ಹಿಡಿದರು. ಒಂದು ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ, ಸೀರೆ ಬದಲಾಯಿಸಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಬಂದು ನಿಂತರು. ನೀವಿರುವಾಗ ನನಗೆ ಆ ಮಿಷನ್ ಎಂತಕ್ಕೆ ಎಂದೆ.

"ನಾನು ಎಷ್ಟು ದಿನ ಇರ್ತೀನಿ ಮಾರಾಯ? ನಾ ಹೋದ ಮೇಲೆ ನಿಂಗೆ ಯಾರು ಹೇಳ್ತಾರೆ?"

ಶಿವಮೊಗ್ಗದಲ್ಲಿ ಕಿವಿ ಪರೀಕ್ಷೆ ಮಾಡುವ ಹುಡುಗಿ ನನ್ನನ್ನು ಒಂದು ಗೂಡಿನಂಥ ಕೋಣೆಯಲ್ಲಿ ಕೂರಿಸಿದಳು. ಸದ್ದು ಕೇಳಿದಾಗ ಗುಂಡಿ ಒತ್ತಬೇಕಂತೆ. ನಾನು ಸದ್ದಿಲ್ಲದಾಗಲೂ ಒತ್ತಿ ಅವಳ ಲೆಕ್ಕವನ್ನೆಲ್ಲ ಕೆಡಿಸಿದೆ. ಕೊನೆಗೂ ಎರಡು ಕಿವಿಗೂ ಮಿಷನ್ ಬಂತು. ಕಿವಿಯ ಹಿಂದೆ ಕೂರುವ ಒಂದು ಚಿಕ್ಕ ಹುಣಿಸೆಬೀಜ, ಅದರಿಂದ ಒಳಕ್ಕೆ ಒಂದು ಸಪೂರ ನಳಿಗೆ. ಆ ಹುಡುಗಿ ಬಹಳ ಹೇಳಿದಳು: ಮೊದಮೊದಲು ಮನೆಯೊಳಗೆ, ಗಲಾಟೆ ಇಲ್ಲದ ಕಡೆ, ದಿನಕ್ಕೆ ಒಂದೆರಡು ಗಂಟೆ ಮಾತ್ರ ಹಾಕಿಕೊಳ್ಳಿ. ಸ್ನಾನಕ್ಕೆ ಮೊದಲು ತೆಗೆಯಿರಿ. ಮಲಗುವಾಗ ಸೆಲ್ಲಿನ ಬಾಗಿಲು ತೆರೆದು, ನೀರು ಹೀರುವ ಮಣಿಗಳಿರುವ ಈ ಡಬ್ಬಿಯಲ್ಲಿಡಿ, ನಿಮ್ಮ ಕಡೆ ಥಂಡಿ ಹೆಚ್ಚು. ದಿನಾ ಒಣಬಟ್ಟೆಯಲ್ಲಿ ಒರೆಸಿ, ತುದಿಯಲ್ಲಿ ಕೂತ ಕಿವಿಯ ಕುಗ್ಗೆ ಬ್ರಷ್ಷಿನಿಂದ ತೆಗೆಯಿರಿ. ಕೆಂಪು ಚುಕ್ಕೆ ಇರುವುದು ಬಲಗಿವಿಗೆ, ನೀಲಿ ಎಡಗಿವಿಗೆ. ನಾನು ಕೋಣೆಯ ಫ್ಯಾನಿನ ಸದ್ದು ಕೇಳುತ್ತ ಮೈಮರೆತು ಕೂತಿದ್ದೆ. ಕೇಳಿಸಿಕೊಂಡವರು ಅತ್ತಿಗೆ. ಕುಂಕುಮ ಬಲಗೈಯಲ್ಲಿ ತೆಗೆದುಕೊಳ್ಳುವುದಲ್ಲವೇ, ಹಾಗೆ ಕೆಂಪು ಬಲಕ್ಕೆ ಎಂದು ಅಲ್ಲೇ ಗಂಟು ಹಾಕಿಕೊಂಡರು.

ಗಲಾಟೆ ಇಲ್ಲದ ಕಡೆ ಎಂದರೆ ಪಾತ್ರೆ ಅಂಗಡಿಯಲ್ಲ ಎನ್ನುವಷ್ಟು ಬುದ್ಧಿ ನನಗಿರಬೇಕಿತ್ತು. ಮರುದಿನ ಎರಡನ್ನೂ ಏರಿಸಿಕೊಂಡು ಗತ್ತಿನಿಂದ ನೇರ ಹೋಗಿ ಗಲ್ಲಾಪೆಟ್ಟಿಗೆಯ ಮುಂದೆ ಕೂತೆ. ಯಾರೋ ಮೇಲಿನ ಸಾಲಿನಿಂದ ಒಂದು ಮುಚ್ಚಳ ಎಳೆದರು, ಅದರ ಹಿಂದೆ ಇಡೀ ಅಟ್ಟಿಯೇ ಜಾರಿ ಕೆಳಗೆ ಬಿತ್ತು. ತಲೆಯೊಳಗೇ ಸಿಡಿಲು ಹೊಡೆದ ಹಾಗಾಯಿತು. ಎರಡನ್ನೂ ಕಿತ್ತು ಗಲ್ಲಾಪೆಟ್ಟಿಗೆಯೊಳಗೆ ಎಸೆದು, ಈ ಪೀಡೆ ನನಗೆ ಬೇಡ ಎಂದೆ. ಅತ್ತಿಗೆ ಅವನ್ನು ಎತ್ತಿಕೊಂಡು, ಉಫ್ ಎಂದು ಊದಿ, ಸೆರಗಿನಲ್ಲಿ ಕಟ್ಟಿಕೊಂಡರು. ನಗು ತಡೆಯಲಾಗದೆ ಮುಖ ಆ ಕಡೆ ತಿರುಗಿಸಿದ್ದರು.

ಆಮೇಲೆ ಅವರದ್ದೇ ಪಾಠ ಶುರುವಾಯಿತು. ಬೆಳಿಗ್ಗೆ ಲಿಂಗಪೂಜೆ ಮುಗಿದ ಮೇಲೆ ಹಿತ್ತಲಿನ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ, ತಾವು ತರಕಾರಿ ಹೆಚ್ಚಲು ಕೂರುತ್ತಿದ್ದರು. ಏನು ಕೇಳುತ್ತಿದೆ ಹೇಳು ಎನ್ನುತ್ತಿದ್ದರು. ಬಚ್ಚಲ ಒಲೆಯಲ್ಲಿ ಸೌದೆ ಚಿಟಿಗುಡುವುದು, ಹಲ್ಲಿ ಲೊಚಗುಟ್ಟುವುದು, ಈಳಿಗೆಮಣೆಯ ಮೇಲೆ ಬೀನ್ಸ್ ಮುರಿಯುವುದು. ನನ್ನ ಚಪ್ಪಲಿಯ ಸದ್ದಿಗೆ ನಾನೇ ಹಿಂತಿರುಗಿ ನೋಡಿದ್ದೆ. ಮಂಡಕ್ಕಿ ತಿಂದರೆ ತಲೆಯೊಳಗೆ ಯಾರೋ ಜಲ್ಲಿಯ ಮೇಲೆ ನಡೆದ ಹಾಗೆ. ಶಾಲು ಹೊದ್ದರೆ ಮಿಷನ್ ಕುಂಯ್ ಎಂದು ಸಿಳ್ಳೆ ಹಾಕುತ್ತಿತ್ತು. ಆಗ ಅತ್ತಿಗೆ ಕೈಚಾಚಿ ನಳಿಗೆಯನ್ನು ಒಂದಿಷ್ಟು ಒಳಕ್ಕೆ ಒತ್ತುತ್ತಿದ್ದರು. ಮೊದಲ ದಿನ ಅವರ ನಿಜವಾದ ದನಿ ಕೇಳಿ ನನಗೆ ವಿಚಿತ್ರವೆನಿಸಿತು. ಅಷ್ಟು ವರ್ಷ ನಾನು ಕೇಳಿದ್ದ ದಪ್ಪ ದನಿ ಅದಾಗಿರಲಿಲ್ಲ, ತೆಳ್ಳಗೆ ಇಂಪಾಗಿತ್ತು. ಅದನ್ನು ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ.

ಮಿಷನ್ನಿನ ಚಾಕರಿಯೂ ಅವರದ್ದೇ. ತಮ್ಮ ಹಳೆಯ ನೂಲಿನ ಸೀರೆಯಿಂದ ಒಂದು ಚೌಕ ಹರಿದು ಅಂಚು ಹೊಲಿದಿದ್ದರು. ಪೂಜೆಗೆ ಲಿಂಗವನ್ನು ಇಟ್ಟುಕೊಳ್ಳುವ ಹಾಗೆಯೇ ಎಡ ಅಂಗೈಯಲ್ಲಿ ಮಿಷನ್ ಇಟ್ಟುಕೊಂಡು, ಆ ಬಟ್ಟೆಯಿಂದ ಒರೆಸಿ, ಬ್ರಷ್ಷಿನಿಂದ ತುದಿ ಕೆರೆದು, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮಣಿಗಳ ಬಣ್ಣ ಬದಲಾದರೆ ಅವನ್ನು ಬದಲಾಯಿಸುತ್ತಿದ್ದರು. ನಾನು ಕಿವಿ ಚಾಚುವುದಷ್ಟೇ.

ಒಂದೆರಡು ತಿಂಗಳಲ್ಲಿ ಅಂಗಡಿಯ ಗದ್ದಲಕ್ಕೂ ಒಗ್ಗಿದೆ. ನನ್ನ ಕೇಡುಗಾಲ ಶುರುವಾದದ್ದೂ ಆಗಲೇ.

ಒಂದು ಮಧ್ಯಾಹ್ನ ಜಯಪುರದ ಕಡೆಯ ಹೆಂಗಸೊಬ್ಬಳು ಬೋಗುಣಿ ಆರಿಸುತ್ತ ಫೋನಿನಲ್ಲಿ ಮಾತಾಡುತ್ತಿದ್ದಳು. ಎಲ್ಲಿದ್ದೀಯ ಎಂದು ಆ ಕಡೆಯವರು ಕೇಳಿರಬೇಕು. ಕೆಪ್ಪಣ್ಣನ ಅಂಗಡಿಯಲ್ಲಿದ್ದೇನೆ ಎಂದಳು. ಯಾವ ದ್ವೇಷವೂ ಇಲ್ಲದೆ, ಬಸ್ಟ್ಯಾಂಡಿನಲ್ಲಿದ್ದೇನೆ ಎನ್ನುವ ಹಾಗೆ. ಅಪ್ಪನ ಹೆಸರಿನ ಬೋರ್ಡು ತಲೆಯ ಮೇಲೆ ತೂಗುತ್ತಿದೆ, ಊರಿನ ಬಾಯಲ್ಲಿ ಅದು ಕೆಪ್ಪಣ್ಣನ ಅಂಗಡಿ. ಅವಳು ಹೋದ ಮೇಲೆ ಏನೂ ಗೊತ್ತಿಲ್ಲದವನ ಹಾಗೆ, ಅವಳು ಫೋನಿನಲ್ಲಿ ಏನೆಂದಳು ಎಂದು ಅತ್ತಿಗೆಯನ್ನು ಕೇಳಿದೆ. "ಅಂಗಡಿಲಿದೀನಿ ಅಂದ್ಲು," ಎಂದರು.

ಅವತ್ತು ಸುಮ್ಮನಿದ್ದೆ. ಆದರೆ ಹುಳ ಹೊಕ್ಕಿತ್ತು. ಮರುದಿನದಿಂದ ಅತ್ತಿಗೆಗೆ ಪರೀಕ್ಷೆ ಇಡತೊಡಗಿದೆ. ಮಿಷನ್ ಇವತ್ತು ಯಾಕೋ ಸರಿಯಿಲ್ಲ ಎನ್ನುವುದು, ಗಿರಾಕಿ ಹೋದ ಮೇಲೆ ಅವರು ಏನೆಂದರು ಎಂದು ಕೇಳುವುದು. ನನಗೆ ಎಲ್ಲ ಕೇಳಿಸಿರುತ್ತಿತ್ತು. ಪಾಪ, ಅವರು ಹಳೆಯ ರೂಢಿಯಂತೆ ಒಂದು ಸಾಲು ಹೇಳುತ್ತಿದ್ದರು. ಮುದುಕನ ಸಿಡುಕು, ಅಂಗಡಿಯ ಧೂಳು, ನನ್ನ ಜಿಪುಣತನ, ಗಿರಾಕಿ ಆಡಿಕೊಂಡ ಆ ಮಾತುಗಳು ಒಂದೂ ಅದರಲ್ಲಿ ಇರುತ್ತಿರಲಿಲ್ಲ. ನಾನು ತಲೆಯಾಡಿಸಿ ಒಳಗೊಳಗೇ ಕುದಿಯುತ್ತಿದ್ದೆ. ಹಾಗಾದರೆ ಇಷ್ಟು ವರ್ಷ ನಾನು ಕೇಳಿದ್ದು ಯಾರ ಮಾತು? ಊರು ನನ್ನ ಮುಖದ ಮೇಲೇ ಆಡಿಕೊಳ್ಳುತ್ತಿತ್ತು, ನಾನು ಹಲ್ಲು ಕಿಸಿಯುತ್ತ ಕೂತಿದ್ದೆ. ಅನ್ನ ಸೇರದಾಯಿತು. ತಟ್ಟೆಯ ಮುಂದೆ ಕೂತರೆ ಹೆಂಡತಿಯ ಆ ಮಾತು ನೆನಪಾಗುತ್ತಿತ್ತು, ನೆನಪಾದರೆ ಇನ್ನೊಂದು ಯೋಚನೆ ಬರುತ್ತಿತ್ತು. ಅದನ್ನು ನನಗೆ ನಾನೇ ಪೂರ್ತಿ ಹೇಳಿಕೊಳ್ಳಲು ಹೆದರುತ್ತಿದ್ದೆ.

ಕೊಪ್ಪದಿಂದ ಗುರುತಿಲ್ಲದ ಗಂಡ ಹೆಂಡತಿ ತಮ್ಮ ಮಗಳ ಮದುವೆಯ ಪಾತ್ರೆ ನೋಡಲು ಬಂದ ದಿನ ಅದು ಹೊರಗೆ ಬಿತ್ತು. ಅವತ್ತೂ ನಾನು ಮಿಷನ್ ಸರಿಯಿಲ್ಲ ಎಂದು ಹೇಳಿಯೇ ಕೂತಿದ್ದೆ. ಆ ಹೆಂಗಸು ಬಹಳ ಹೊತ್ತು ಆರಿಸಿ, ಕೊನೆಗೆ ಗಂಡನಿಗೆ, ಈ ಕೆಪ್ಪಣ್ಣನ ಹತ್ತಿರ ಕೂಗಿ ಕೂಗಿ ಗಂಟಲು ಹರಿಯಿತು, ಮುದುಕನಿಗೆ ಗಿರಾಕಿ ಎಂದರೆ ಕೇರೇ ಇಲ್ಲ, ಬೇರೆ ಕಡೆಯೂ ನೋಡಿ ಆಮೇಲೆ ಬರೋಣ ಎಂದಳು. ನಾನು ಅತ್ತಿಗೆಯ ಮುಖ ನೋಡಿದೆ. ಅವರು ನನ್ನ ಕಡೆ ತಿರುಗಿ, ಆ ದಪ್ಪ ದನಿಯಲ್ಲಿ ಹೇಳಿದರು: "ನೋಡಿ ಆಮೇಲೆ ಬರ್ತಾರಂತೆ."

ನಾನು ಎದ್ದು ನಿಂತೆ. ಸುಳ್ಳು ಎಂದೆ. ನನಗೆಲ್ಲ ಕೇಳಿಸಿತು ಎಂದೆ. ಎಷ್ಟೋ ದಿನದಿಂದ ಕೇಳಿಸುತ್ತಿದೆ, ಊರು ನನಗೆ ಏನೆನ್ನುತ್ತದೆ ಎಂದೂ ಗೊತ್ತು, ನೀವು ನನ್ನನ್ನು ಕುರಿ ಮಾಡಿದ್ದೂ ಗೊತ್ತು ಎಂದೆ. ಕೊಪ್ಪದವರು ಕೈಯಲ್ಲಿದ್ದ ತಪ್ಪಲೆಯನ್ನು ಕೆಳಗಿಡುವುದೋ ಬೇಡವೋ ತಿಳಿಯದೆ ನಿಂತಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು.

"ಹಂಗಾದ್ರೆ ಅವಳು ಸಾಯೋವಾಗ ಹೇಳಿದ್ದು? ಅದೂ ನೀವು ಕಟ್ಟಿದ್ದೇಯಾ?"

ಅತ್ತಿಗೆ ಸ್ಟೂಲಿನ ಅಂಚನ್ನು ಒಂದು ಕೈಯಲ್ಲಿ ಹಿಡಿದುಕೊಂಡರು. ಬಾಯಿ ತೆರೆದರು, ಕೊಪ್ಪದವರ ಕಡೆ ನೋಡಿದರು, ಮುಚ್ಚಿದರು. ಅವರು ಸುಮ್ಮನಾದದ್ದನ್ನೇ ನಾನು ಒಪ್ಪಿಗೆ ಎಂದುಕೊಂಡೆ.

"ನಾಳೆಯಿಂದ ನೀವು ಒಳಗೇ ಇರಿ ಅತ್ತಿಗೆ. ನಂಗೀಗ ಕಿವಿ ಇದೆ."

ಅವರು ಎದ್ದು, ಕೊಪ್ಪದವರು ನೋಡಿದ್ದ ಗಂಗಾಳವನ್ನು ಅದರ ಜಾಗದಲ್ಲಿಟ್ಟು, ನಡುವಿನ ಬಾಗಿಲು ದಾಟಿ ಒಳಗೆ ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಪ್ಪ ದಿನಕ್ಕೊಮ್ಮೆ ಹೇಳುತ್ತಿದ್ದ. ಕಿವಿ ಚೆನ್ನಾಗಿ ಕೇಳುತ್ತಿದ್ದ ಕಾಲದಲ್ಲೂ ಅಪ್ಪನ ಮಾತನ್ನು ನಾನು ಕೇಳಿದವನಲ್ಲ.

ಅವರು ಮತ್ತೆ ಅಂಗಡಿಗೆ ಬರಲಿಲ್ಲ. ಮುನಿಸಿಕೊಂಡು ಉಪವಾಸ ಕೂರುವುದು, ಮಗಳಿಗೆ ಫೋನ್ ಮಾಡಿ ಹೇಳುವುದು, ಅಂಥದ್ದೆಲ್ಲ ಅವರ ಜಾಯಮಾನವಲ್ಲ. ಹೊತ್ತಿಗೆ ಸರಿಯಾಗಿ ಬಡಿಸುತ್ತಿದ್ದರು. ಉಪ್ಪು ಬೇಕೇ, ಮಜ್ಜಿಗೆ ಬೇಕೇ, ಅಷ್ಟು ಮಾತು. ಹೊರಗೆ ನಾನು ಒಬ್ಬನೇ ವ್ಯಾಪಾರ ಮಾಡುತ್ತಿದ್ದೆ. ಕೆಪ್ಪಣ್ಣ ಎನ್ನುವವರಿಗೆ ತಿರುಗಿ ಉತ್ತರ ಕೊಟ್ಟು ಗಿರಾಕಿಗಳನ್ನು ಕಳೆದುಕೊಳ್ಳುತ್ತಿದ್ದೆ. ಕಂಚಿನ ಪಾತ್ರೆಯನ್ನು ನಾನೂ ಕುಟ್ಟಿ ನೋಡಿದೆ. ಮಿಷನ್ನಿಗೆ ಸದ್ದು ಗೊತ್ತು, ನಾದ ಗೊತ್ತಿಲ್ಲ. ನನಗೆ ಎಲ್ಲವೂ ಒಂದೇ ಥರ ಕೇಳಿಸಿದವು. ಬಾಗಿಲಾಚೆ ಅತ್ತಿಗೆ ಇದ್ದರು, ಒಂದು ಸಲ ಕರೆದರೆ ಬರುತ್ತಿದ್ದರು. ಕರೆಯುವಷ್ಟು ದೊಡ್ಡತನ ನನ್ನಲ್ಲಿರಲಿಲ್ಲ.

ಮಿಷನ್ ಮಾತ್ರ ಚೆನ್ನಾಗಿತ್ತು. ಮಲಗುವ ಮುಂಚೆ ಡಬ್ಬಿಯಲ್ಲಿಡುತ್ತಿದ್ದೆ, ಬೆಳಿಗ್ಗೆ ಸ್ನಾನವಾದ ಮೇಲೆ ತೆಗೆದು ಹಾಕಿಕೊಳ್ಳುತ್ತಿದ್ದೆ, ಕೇಳುತ್ತಿತ್ತು. ಒರೆಸು ಕೆರೆ ಎಂದು ಆ ಹುಡುಗಿ ಸುಮ್ಮನೆ ಹೆದರಿಸಿದ್ದಾಳೆ ಎಂದುಕೊಂಡೆ. ತಪಾಸಣೆಗೆ ಶಿವಮೊಗ್ಗಕ್ಕೆ ಹೋದಾಗ ಅವಳು ಮಿಷನ್ ತಿರುಗಿಸಿ ನೋಡಿ, ಇಷ್ಟು ಚೊಕ್ಕಟವಾಗಿ ಇಟ್ಟುಕೊಂಡವರು ಕಡಿಮೆ ಎಂದು ಹೊಗಳಿದಳು. ನಾನು ಹೌದಮ್ಮ ಎಂದು ಮೀಸೆಯ ಮೇಲೆ ಕೈಯಾಡಿಸಿ ಬಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತಿಗೆಗೆ ಉಸಿರು ಕಟ್ಟಲು ಶುರುವಾಯಿತು. ಕಾಲು ಊದಿತು. ಎದೆಯಲ್ಲಿ ನೀರು ತುಂಬಿದೆ ಎಂದು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ಮಗಳು ಬಂದು ಹೋಗಿ ಮಾಡುತ್ತಿದ್ದಳು, ನಾನು ಅಲ್ಲೇ ಇದ್ದೆ. ಆಸ್ಪತ್ರೆಗೆ ಬಂದ ಕೆಲವೇ ದಿನಗಳಲ್ಲಿ ನನ್ನ ಎಡದ ಮಿಷನ್ ಸತ್ತಿತು. ಸೆಲ್ ಬದಲಾಯಿಸಿದೆ, ಇಲ್ಲ. ಕುಟ್ಟಿದೆ, ಇಲ್ಲ. ಆಸ್ಪತ್ರೆಯ ಗಾಳಿಗೇ ಕೆಟ್ಟಿರಬೇಕು ಎಂದು ಬೈದುಕೊಂಡು, ನರ್ಸ್ ಬಂದರೆ ಬಲಗಿವಿ ಮುಂದೆ ಮಾಡಿ ನಿಲ್ಲುತ್ತಿದ್ದೆ. ಅತ್ತಿಗೆ ಮಂಚದಿಂದ ಅದನ್ನು ನೋಡಿದ್ದಾರೆ.

"ಎಡದ್ದು ಕಟ್ಟಿದೆ ಅಲ್ವಾ? ತಾ ಇಲ್ಲಿ."

ಬೇಡ ಎಂದೆ. ಅವರು ಕೈ ಚಾಚಿಯೇ ಇದ್ದರು. ಕೊಟ್ಟೆ. ಗ್ಲೂಕೋಸಿನ ಸೂಜಿ ಚುಚ್ಚಿದ್ದ ಎಡ ಅಂಗೈಯಲ್ಲಿ ಅದನ್ನು ಇಟ್ಟುಕೊಂಡು, ದಿಂಬಿನ ಕೆಳಗೆ ಕೈಹಾಕಿ ಒಂದು ಸಣ್ಣ ಗಂಟು ತೆಗೆದರು. ಅದರಲ್ಲಿ ಅವರ ಸೀರೆಯ ಆ ಚೌಕ ಇತ್ತು, ಬ್ರಷ್ ಇತ್ತು. ಆಸ್ಪತ್ರೆಗೆ ಬರುವಾಗ ಅದನ್ನೂ ಕಟ್ಟಿಕೊಂಡು ಬಂದಿದ್ದರು. ತುದಿಯನ್ನು ಕೆರೆದರು, ಒರೆಸಿದರು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಸ್ಪತ್ರೆ ಸೇರುವವರೆಗೆ ಆ ಕೈಗಳು ಒಂದು ದಿನವೂ ಈ ಕೆಲಸ ಬಿಟ್ಟವಲ್ಲ ಎಂದು ನನಗೆ ಆಗ ಹೊಳೆಯಿತು. ನಾನು ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ದಿನ ಬೆಳಗಾದರೆ, ಅಂಗಡಿಯಿಂದ ಎಬ್ಬಿಸಿದವನ ಕಿವಿಯ ಕುಗ್ಗೆ ತೆಗೆದು ಡಬ್ಬಿ ಮುಚ್ಚಿಟ್ಟಿದ್ದಾರೆ. ಅವರ ಜಾಗ ಕಿತ್ತುಕೊಂಡದ್ದೇ ಆ ಮಿಷನ್. ಅದನ್ನು ಅವರು ಮಗುವನ್ನು ಒರೆಸಿದ ಹಾಗೆ ಒರೆಸಿಟ್ಟಿದ್ದಾರೆ. ನೆಲ ಬಾಯಿಬಿಟ್ಟರೆ ಇಳಿದುಹೋಗಬೇಕು ಅನ್ನಿಸಿತು ನನಗೆ. ನಾಚಿಕೆಗೆಟ್ಟವನ ಹಾಗೆ ಕಿವಿ ಚಾಚಿ ಹಾಕಿಸಿಕೊಂಡೆ.

ಸ್ವಲ್ಪ ಹೊತ್ತಿಗೆ ಡಾಕ್ಟರು ಬಂದರು. ಅತ್ತಿಗೆಯನ್ನು ನೋಡಿ, ನನ್ನನ್ನು ಬಾಗಿಲ ಹತ್ತಿರ ಕರೆದು, ತಗ್ಗಿದ ದನಿಯಲ್ಲಿ ಬಹಳ ಹೊತ್ತು ಮಾತಾಡಿದರು. ಅತ್ತಿಗೆ ಈಗಷ್ಟೇ ಚೊಕ್ಕ ಮಾಡಿಕೊಟ್ಟ ಕಿವಿಯಲ್ಲಿ ಒಂದೊಂದು ಅಕ್ಷರವೂ ಕೇಳಿಸಿತು. ಹೃದಯ ಪೂರಾ ಸೋತಿದೆ, ಔಷಧಿ ಹಿಡಿಯುತ್ತಿಲ್ಲ, ಆಸೆ ಇಟ್ಟುಕೊಳ್ಳಬೇಡಿ, ನೋಡುವವರಿದ್ದರೆ ಬೇಗ ಬರಹೇಳಿ, ನೀರು ಇಳಿದರೆ ಮನೆಗೆ ಕರೆದುಕೊಂಡು ಹೋಗಬಹುದು, ಕೊನೆಗೆ ಮನೆಯಲ್ಲೇ ಇರಲಿ. ನಾನು ತಲೆಯಾಡಿಸಿ ತಿರುಗಿ ಬಂದೆ. ಅತ್ತಿಗೆ ನನ್ನ ದಾರಿಯನ್ನೇ ನೋಡುತ್ತಿದ್ದರು. ನನ್ನ ಕಾಲು ಮಂಚ ತಲುಪುವವರೆಗೂ ಏನು ಹೇಳುವುದು ಎಂದು ಗೊತ್ತಿರಲಿಲ್ಲ.

"ಎಂತ ಅಂದ್ರು?"

"ನೀರು ಇಳಿದ್ರೆ ಮನೆಗೆ ಹೋಗ್ಬಹುದಂತೆ."

ಅವರು ನನ್ನ ಮುಖವನ್ನು, ಕುಟ್ಟಿದ ಪಾತ್ರೆಯ ಸದ್ದು ಮುಗಿಯಲೆಂದು ಕಾಯುತ್ತಿದ್ದ ಹಾಗೆ, ತಲೆ ಓರೆ ಮಾಡಿ ನೋಡಿದರು.

"ಅಷ್ಟುದ್ದ ಮಾತಾಡಿದ್ರು. ಇಷ್ಟೇಯಾ?"

ನಾನು ಮುಖ ಎದುರಿಗಿಟ್ಟು, ನಿಧಾನವಾಗಿ ಹೇಳಿದೆ.

"ಕಾಳು ಇಷ್ಟೇ ಅತ್ತಿಗೆ. ಉಳಿದದ್ದು ಜೊಳ್ಳು."

ಅವರು ನಕ್ಕರು. ಕಲಿತೆ ನೀನು ಎಂದರು. ಆಮೇಲೆ ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂತು ಎಂದುಕೊಂಡು ನಾನು ಹೊದಿಕೆ ಸರಿಮಾಡುವಾಗ, ಕಣ್ಣು ಬಿಡದೆಯೇ ಮಾತಾಡಿದರು. ಅಂಗಡಿಯ ದಪ್ಪ ದನಿಯಲ್ಲ, ಅವರ ಸ್ವಂತದ ತೆಳ್ಳಗಿನ ದನಿ.

"ಅವಳು ಹೇಳಿದ್ದೂ ಕಾಳೇ ತಮ್ಮ. ನಾನು ತೆಗೆದಿರ್ಬಹುದು. ಯಾವತ್ತೂ ಸೇರಿಸಿಲ್ಲ."

ಅಲ್ಲೇ ಕಾಲು ಹಿಡಿಯಬೇಕಿತ್ತು. ತಪ್ಪಾಯಿತು ಎನ್ನಬೇಕಿತ್ತು. ದಣಿದಿದ್ದಾರೆ, ಮನೆಗೆ ಹೋದ ಮೇಲೆ ಸಮಾಧಾನವಾಗಿ ಹೇಳಿದರಾಯಿತು ಎಂದುಕೊಂಡೆ. ನಾನು ಹೇಡಿ, ಅದಕ್ಕೇ ಹಾಗೆಂದುಕೊಂಡೆ. ನೀರು ಇಳಿಯಲಿಲ್ಲ. ಅತ್ತಿಗೆ ಶಿವನ ಪಾದ ಸೇರಿದ ಮೇಲೆಯೇ ಮನೆಗೆ ಬಂದದ್ದು.

ಅವರು ಹೋದ ಮೇಲೆ ಕೂತು ಒಂದೊಂದೇ ನೆನಪು ಮಾಡಿಕೊಂಡೆ. ನಾನು ಇಟ್ಟ ಆ ದರಿದ್ರ ಪರೀಕ್ಷೆಗಳಲ್ಲಿ ಅವರು ಹೇಳಿದ ಒಂದೊಂದು ಸಾಲನ್ನೂ ತಿರುವಿ ನೋಡಿದೆ. ಅಂಗಡಿಯಲ್ಲಿದ್ದೇನೆ ಎಂದು ಆ ಜಯಪುರದವಳು ಹೇಳಿದ್ದು ನಿಜ. ನೋಡಿ ಆಮೇಲೆ ಬರುತ್ತೇವೆ ಎಂದು ಕೊಪ್ಪದವಳು ಹೇಳಿದ್ದು ನಿಜ. ಬಾಯಿಂದ ಬಾರದ ಒಂದು ಮಾತನ್ನೂ ಅತ್ತಿಗೆ ನನಗೆ ದಾಟಿಸಿರಲಿಲ್ಲ. ಕಲ್ಲು ಆರಿಸಿ ಅಕ್ಕಿ ಕೊಟ್ಟಿದ್ದರು, ಅಷ್ಟೇ. ನನ್ನ ಹೆಂಡತಿಗೆ ಬೇಜಾರಿರಲಿಲ್ಲ ಎನ್ನುವುದು ನನಗೆ ಹೀಗೆ ಎರಡನೆಯ ಸಲ ತಿಳಿಯಿತು. ತಿಳಿಸಿದವರಿಗೆ ನಾನು ಕೊಟ್ಟ ಮರ್ಯಾದೆ ಏನೆಂದು ಮೇಲೆ ಬರೆದಿದ್ದೇನೆ.

ಈಗ ಬೆಳಿಗ್ಗೆ ಪೂಜೆಯಾದ ಮೇಲೆ ನಾನೇ ಅದೇ ಬಟ್ಟೆಯಿಂದ ಮಿಷನ್ ಒರೆಸುತ್ತೇನೆ. ಅವರಷ್ಟು ಚೊಕ್ಕವಾಗುವುದಿಲ್ಲ, ಎಡದ್ದು ಆಗಾಗ ಕಟ್ಟುತ್ತದೆ. ಅಂಗಡಿಗೆ ಬಂದು ಕೂರುತ್ತೇನೆ. ಕೆಪ್ಪಣ್ಣ ಎಂದವರಿಗೆ ಈಗ ಉತ್ತರ ಕೊಡುವುದಿಲ್ಲ. ಸ್ಟೂಲ್ ಅಲ್ಲೇ ಇದೆ. ಬಾಗಿಲಿಗೆ ಯಾರಾದರೂ ಗಂಡ ಹೆಂಡತಿ ಬಂದರೆ ಮುಖ ಎತ್ತಿ ನೋಡುತ್ತೇನೆ, ಆ ಕೊಪ್ಪದವರೇನೋ ಎಂದು. ಬೇರೆ ಕಡೆ ನೋಡಿ ಬರುತ್ತೇವೆ ಎಂದವರು ಮತ್ತೆ ಬಂದಿಲ್ಲ. ಬಂದರೆ ಒಂದು ಮಾತು ಹೇಳುವುದಿದೆ. ಅವರ ಎದುರಿಗೆ ಆಡಿದ್ದನ್ನು ಅವರ ಎದುರಿಗೇ ಸರಿಮಾಡಬೇಕು. ಅವತ್ತು ಈ ಅಂಗಡಿಯಲ್ಲಿ ಸುಳ್ಳಾಡಿದ್ದು ಅತ್ತಿಗೆಯಲ್ಲ. ಎಲ್ಲ ಕೇಳಿಸುತ್ತಿದ್ದರೂ ಏನೂ ಕೇಳಿಸದವನ ಹಾಗೆ ಕೂತಿದ್ದವನು ನಾನು.